‘ಇಂಟೆಂಡ್’ ಶಬ್ದದ ಅರ್ಥವಿಚಾರ

ಇಂಗ್ಲಿಷು ಭಾಷೆಯನ್ನು ಕಲಿಯತಕ್ಕವರು ಕಷ್ಟವಾದ ಶಬ್ದಗಳಿಗೆ ಹೆದರುತ್ತಾರೆ. ಸುಲಭವಾದ ಶಬ್ದಗಳಿಗೆ ಹೆದರುವುದಿಲ್ಲ. ಕಷ್ಟವಾದ ಶಬ್ದವು ಎದುರಾದರೆ ಕೋಶವನ್ನು ತೆರೆದು ನೋಡುವಷ್ಟು ವಿನಯ ಎಲ್ಲರಲ್ಲಿಯೂ ಇರುವುದುಂಟು. ಸುಲಭವಾದ ಶಬ್ದದ ಅರ್ಥವಾದರೋ ತಿಳಿದೇ ಇದೆಯೆಂದು ಭಾವಿಸಿ ಮುಂದಕ್ಕೆ ಹೋಗುವುದೇ ವಾಡಿಕೆ. ಆದುದರಿಂದ ಪ್ರಮಾದಗಳು ಹೆಚ್ಚಾಗಿ ನಡೆಯುವುದು ಸುಲಭಶಬ್ದಗಳ ದೆಸೆಯಿಂದಲೇ. ‘ಇಂಟೆಂಡ್’ ಎಂಬ ಕ್ರಿಯಾಪದವು ಅಂಥವುಗಳಲ್ಲಿ ಒಂದು. ಉಪಾಧ್ಯಾಯರು ‘ಉದ್ದೇಶಿಸು’ ಎಂದು ಒಂದೇ ಮಾತಿನಲ್ಲಿ ಅರ್ಥವನ್ನು ಹೇಳುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ, ಪಾಠವು ಮುಂದುವರಿಯುತ್ತದೆ. ಈ ಶಬ್ದದ ದೆಸೆಯಿಂದ ತುಂಗಾತೀರದ ಒಂದು ಮನೆಯಲ್ಲಿ ತಾಯಿಯೊಬ್ಬಳು ತನ್ನ ಒಬ್ಬನೇ ಮಗನಿಗೆ ಒಂದು ವರ್ಷಕಾಲ ಆಶೀರ್ವಾದವನ್ನು ಬರೆಯಿಸಲಿಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಶಬ್ದದ ವಿಚಾರಕ್ಕೆ ಮುಂಚೆ ಆ ವೃತ್ತಾಂತವನ್ನು ಹೇಳುವುದು ಯುಕ್ತ.

ಇದು 1950ರ ದಶಕದ ಮಾತು. ಅಗ್ರಹಾರದ ಶಾಸ್ತ್ರಿಗಳೊಬ್ಬರು ಎರಡು ಮೈಲಿ ದೂರದ ಪೇಟೆಯ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನು ಹೇಳುತ್ತಿದ್ದರು. ಸಿದ್ಧಾಂತಕೌಮುದಿಯು ಅವರಿಗೆ ಕರತಲಾಮಲಕವಾಗಿದ್ದಿತು. ಇಂಗ್ಲಿಷನ್ನು ಮಾತ್ರ ನಡುವಯಸ್ಸಿನಲ್ಲಿ, ಮಗನ ಪಾಠಪುಸ್ತಕಗಳನ್ನು ರಾತ್ರಿಯ ಹೊತ್ತು ಬಿಚ್ಚಿ ನೋಡಿ, ತಮ್ಮಷ್ಟಕ್ಕೆ ತಾವೇ ಕಲಿತಿದ್ದರು. ಮಗನು ಶಾಸ್ತ್ರವನ್ನು ಓದಿ ತಮ್ಮ ಪೀಠದಲ್ಲಿ ಕುಳಿತುಕೊಳ್ಳಬೇಕೆಂಬುದು ಅವರ ಬಯಕೆ. ಮಗನು ಇಂಗ್ಲಿಷನ್ನು ಓದಿ ಬೊಂಬಾಯಿಯ ಒಂದು ಕಚೇರಿಯಲ್ಲಿ ಗುಮಾಸ್ತೆಯಾದನು. ಅಲ್ಲಿಂದ ಊರಿಗೆ ಬರುವುದೆಂದರೆ ಆಗ ಸಾಮಾನ್ಯವಾದ ಪ್ರಯಾಣವಲ್ಲ. ಪುಣೆಗೆ ಬಂದು, ಅಲ್ಲಿ ಮೀಟರ್ ಗೇಜ್ ಗಾಡಿಯನ್ನು ಹತ್ತಿ, ಹುಬ್ಬಳ್ಳಿ ಹರಿಹರಗಳನ್ನು ದಾಟಿ, ಬೀರೂರಿನಲ್ಲಿ ಗಾಡಿ ಬದಲಾಯಿಸಿ ಶಿವಮೊಗ್ಗೆಯನ್ನು ಸೇರಿ, ಅಲ್ಲಿಂದ ಮೋಟಾರು ಬಸ್ಸಿನಲ್ಲಿ ತೀರ್ಥಹಳ್ಳಿಯ ದಾರಿಯನ್ನು ಹಿಡಿಯಬೇಕು. ಸಿಕ್ಕಿದ ರಜೆಯ ಬಹುಭಾಗವು ದಾರಿಯಲ್ಲಿಯೇ ಕಳೆದುಹೋಗುತ್ತಿದ್ದಿತು. ಹೀಗಾಗಿ ಮಗನು ಮನೆಯ ಮೆಟ್ಟಿಲನ್ನು ತುಳಿದು ಎರಡು ವರ್ಷಗಳಾಗಿದ್ದುವು.

ಯುಗಾದಿಗೆ ಆರು ದಿನಗಳಿರುವಾಗ ಶಾಸ್ತ್ರಿಗಳ ಹೆಸರಿಗೆ ಒಂದು ತಂತಿ ಬಂದಿತು. 2013ರ ಜುಲೈ ತಿಂಗಳಲ್ಲಿ ನಿಂತುಹೋದ ಆ ತಂತಿಯ ಏರ್ಪಾಡನ್ನು ಈಗಿನ ಹುಡುಗರು ಕಂಡವರಲ್ಲ. ಆಗಿನವರಿಗೆ ತಂತಿಯೆಂದರೆ ಸಾವಿನ ಸುದ್ದಿಯೆಂಬ ಭಯವೇ ಮೊದಲು. ಪಾಠಶಾಲೆಯಿಂದ ಹಿಂದಿರುಗುತ್ತಿದ್ದ ಶಾಸ್ತ್ರಿಗಳನ್ನು ಅಂಚೆಯ ಮನೆಯ ಬಾಗಿಲಲ್ಲಿಯೇ ನಿಲ್ಲಿಸಿ, ಪೋಸ್ಟ್ ಮಾಸ್ತರು ಕಾಗದವನ್ನು ಕೈಯಲ್ಲಿಟ್ಟರು. ಅದರಲ್ಲಿ ಇದ್ದುದು ಮೂರೇ ಮಾತು: ‘ಇಂಟೆಂಡ್ ಕಮಿಂಗ್ ಯುಗಾದಿ.’ ಪೋಸ್ಟ್ ಮಾಸ್ತರು ಶಾಸ್ತ್ರಿಗಳ ಮುಖವನ್ನು ನೋಡಿ, “ಭಯವಿಲ್ಲ ಶಾಸ್ತ್ರಿಗಳೇ, ಯುಗಾದಿಗೆ ಬರಬೇಕೂಂತ ಇದ್ದಾರಂತೆ” ಎಂದರು.

ಶಾಸ್ತ್ರಿಗಳು ಎರಡು ಮೈಲಿಯ ದಾರಿಯನ್ನು ಎಂದಿಗಿಂತ ಬೇಗನೆ ನಡೆದರು. ಮನೆಯವರು ಜಗಲಿಯಲ್ಲಿ ಹೂಬತ್ತಿಯನ್ನು ಹೊಸೆಯುತ್ತ ಕುಳಿತಿದ್ದವರು ಗಂಡನ ಕೈಯಲ್ಲಿದ್ದ ಕಾಗದವನ್ನು ಕಂಡು ಎದ್ದು ನಿಂತರು. “ತಂತಿಯೇ? ಏನಂತೆ?” ಎನ್ನುವಷ್ಟರಲ್ಲಿ ಅವರ ಮುಖದಲ್ಲಿ ರಕ್ತವಿರಲಿಲ್ಲ. “ಹೆದರಬೇಡ. ಮಗ ಯುಗಾದಿಗೆ ಬರುತ್ತಾನೆ” ಎಂದು ಶಾಸ್ತ್ರಿಗಳು ಹೇಳಿದರು.

ಅಂಚೆಯ ಮನೆಯಲ್ಲಿ ‘ಬರಬೇಕೆಂದಿದ್ದಾನೆ’ ಎಂದಿದ್ದ ಮಾತು ಜಗಲಿಗೆ ಬರುವಷ್ಟರಲ್ಲಿ ‘ಬರುತ್ತಾನೆ’ ಎಂದಾಯಿತು.

ಆಮೇಲೆ ಆ ಮನೆಯಲ್ಲಿ ನಡೆದುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಒಳ್ಳೆಯ ಬೆಲ್ಲವನ್ನು ಪೇಟೆಯಿಂದ ತರಿಸಿದರು. ಎಳೆಯ ಹಲಸಿನಕಾಯಿಯನ್ನು ನೆರೆಯವರಲ್ಲಿ ಹೇಳಿಟ್ಟರು. ಮಗನಿಗೆ ಪ್ರಿಯವೆಂದು ಅಪ್ಪೆಮಿಡಿಯ ಹೊಸ ಭರಣಿಯನ್ನು ಕಟ್ಟು ಬಿಚ್ಚದೆ ಇರಿಸಿದರು. ಹಬ್ಬಕ್ಕೆ ಹಿಂದಿನ ಎರಡು ಸಂಜೆ, ಹಬ್ಬದ ದಿನದ ಸಂಜೆ, ಹೀಗೆ ಮೂರು ಸಂಜೆ ತಾಯಿಯು ಕಂದೀಲನ್ನು ಹಿಡಿದು ಬಸ್ಸು ನಿಲ್ಲುವ ಆಲದ ಮರದವರೆಗೆ ಹೋಗಿ ಬಂದರು. ಹಬ್ಬದ ಮಧ್ಯಾಹ್ನ ಹಾಕಿದ್ದ ಮೂರನೆಯ ಎಲೆಯನ್ನು ಕೊನೆಗೆ ಹಾಗೆಯೇ ಎತ್ತಬೇಕಾಯಿತು. ಬಡಿಸದ ಎಲೆಯನ್ನು ಎತ್ತುವುದು ಎಷ್ಟು ಕಷ್ಟವೆಂಬುದನ್ನು ಗೃಹಿಣಿಯರೇ ಬಲ್ಲರು.

ನಾಲ್ಕನೆಯ ದಿನ ಮಗನ ಕಾಗದ ಬಂದಿತು, ಕನ್ನಡದಲ್ಲಿಯೇ ಇದ್ದಿತು. ಬರಬೇಕೆಂದಿದ್ದೆ, ಆದರೆ ಸೂಪರಿಂಟೆಂಡೆಂಟರು ರಜೆಯನ್ನು ಕೊಡಲಿಲ್ಲವೆಂದು ಬರೆದಿದ್ದನು. ಶಾಸ್ತ್ರಿಗಳು ಓದಿ ಹೇಳಿದುದನ್ನು ಕೇಳಿ ಮನೆಯವರು, “ಬರುತ್ತೇನೆ ಅಂತ ತಂತಿ ಕೊಟ್ಟವನು ಈಗ ಬರಬೇಕೆಂದಿದ್ದೆ ಅಂತಾನೆ. ಬೊಂಬಾಯಿಗೆ ಹೋಗಿ ಮಾತು ತಿರುಗಿಸುವುದನ್ನು ಕಲಿತ” ಎಂದರು. ಆ ಕ್ಷಣದಲ್ಲಿ ಶಾಸ್ತ್ರಿಗಳು ಬಾಯಿಬಿಡಬಹುದಾಗಿತ್ತು. ಬಿಡಲಿಲ್ಲ. ಅಲ್ಲಿಯವರೆಗೆ ಮಗನಿಗೆ ಬರೆಯುವ ಪ್ರತಿಯೊಂದು ಕಾಗದದ ಕೊನೆಯಲ್ಲಿ ತಾಯಿಯ ಆಶೀರ್ವಾದವೆಂದು ಒಂದು ಸಾಲನ್ನು ಅವರೇ ಹೇಳಿ ಬರೆಯಿಸುತ್ತಿದ್ದರು. ಆ ದಿನದಿಂದ ಆ ಸಾಲು ನಿಂತುಹೋಯಿತು.

ಶಾಸ್ತ್ರಿಗಳು ಆ ವರ್ಷವೆಲ್ಲ ‘ಇಂಟೆಂಡ್’ ಶಬ್ದವನ್ನು ಬಿಡಲಿಲ್ಲ. ಮೊದಲು ತಮ್ಮಲ್ಲಿದ್ದ ಹಳೆಯ ಕೋಶವೊಂದನ್ನು ತೆಗೆದು ನೋಡಿದರು. ‘ಸಂಕಲ್ಪಿಸು, ಉದ್ದೇಶಿಸು, ಎಣಿಸು’ ಎಂದು ಅದರಲ್ಲಿದ್ದಿತು. ‘ಸಂಕಲ್ಪಿಸು’ ಎಂಬುದನ್ನು ಕಂಡು ಅವರಿಗೆ ಸ್ವಲ್ಪ ಸಮಾಧಾನವಾಯಿತು. ಪೂಜೆಗೆ ಮುಂಚೆ ದೇಶಕಾಲಗಳನ್ನು ಹೇಳಿ, ‘ಕರಿಷ್ಯೇ’ ಎಂದು ನೀರನ್ನು ಬಿಟ್ಟ ಮೇಲೆ, ಆ ಕರ್ಮವನ್ನು ಮಾಡಲೇ ಬೇಕು. ನಡುವೆ ಬಿಟ್ಟರೆ ಪ್ರಾಯಶ್ಚಿತ್ತ. ಸಂಕಲ್ಪವೆಂಬುದು ಮನಸ್ಸಿನಲ್ಲಿ ಹುಟ್ಟಿದರೂ ಮಾತಿನಲ್ಲಿ ಹೊರಬಿದ್ದು ಕರ್ತೃವನ್ನು ಕಟ್ಟಿಹಾಕುವಂಥದು. ಮಗನು ಸಂಕಲ್ಪಿಸಿದ್ದಾನೆಂದರೆ ಬರುತ್ತಾನೆಂದೇ ಅರ್ಥವಾಗಬೇಕಷ್ಟೆ. ಹಾಗಾದರೆ ತಾವು ಹೇಳಿದುದರಲ್ಲಿ ತಪ್ಪೇನು?

ಈ ಸಮಾಧಾನವು ಬಹುದಿನ ನಿಲ್ಲಲಿಲ್ಲ. ಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷನ್ನು ಕಲಿಸುತ್ತಿದ್ದ ಉಪಾಧ್ಯಾಯರನ್ನು ಅವರು ವಿಚಾರಿಸಿದರು. ಇಂಗ್ಲಿಷಿನಲ್ಲಿ ಭವಿಷ್ಯದ ಮಾತಿಗೆ ಹಲವು ಮೆಟ್ಟಿಲುಗಳಿವೆಯೆಂದು ಅವರು ವಿವರಿಸಿದರು. ‘ಐ ವಿಲ್ ಕಮ್’ ಎಂದರೆ ಹಳೆಯ ವ್ಯಾಕರಣಪುಸ್ತಕಗಳ ಪ್ರಕಾರ ಅದು ಮಾತು ಕೊಟ್ಟಂತೆ. ‘ಐ ಹೋಪ್ ಟು ಕಮ್’ ಎಂದರೆ ಬರುವುದು ತನ್ನ ಕೈಯಲ್ಲಿ ಪೂರ್ತಿಯಾಗಿ ಇಲ್ಲ, ದೈವವೋ ಮೇಲಧಿಕಾರಿಯೋ ಒದಗಿಬರಬೇಕು ಎಂದು ಒಪ್ಪಿಕೊಂಡಂತೆ. ‘ಐ ಇಂಟೆಂಡ್ ಟು ಕಮ್’ ಎಂಬುದು ಇವೆರಡರ ನಡುವೆ ನಿಲ್ಲುತ್ತದೆ. ಹೇಳತಕ್ಕವನ ಮನಸ್ಸು ನಿಶ್ಚಿತವಾಗಿದೆ. ಕಾರ್ಯವು ಮಾತ್ರ ನಿಶ್ಚಿತವಾಗಿಲ್ಲ. ಬರಿಯ ಆಸೆಗಿಂತ ಅದು ಗಟ್ಟಿ, ವಾಗ್ದಾನಕ್ಕಿಂತ ಸಡಿಲ. ‘ಇಂಟೆಂಡ್ ಟು ಕಮ್’ ಎಂದರೂ ‘ಇಂಟೆಂಡ್ ಕಮಿಂಗ್’ ಎಂದರೂ ಅರ್ಥದಲ್ಲಿ ಭೇದವಿಲ್ಲ; ಮೊದಲನೆಯದು ಹೆಚ್ಚು ರೂಢಿಯಲ್ಲಿದೆ. ತಂತಿಗೆ ಮಾತಿನ ಎಣಿಕೆಯ ಮೇಲೆ ದುಡ್ಡು ತೆರಬೇಕಾದುದರಿಂದ ಮಗನು ‘ಟು’ ಎಂಬ ಒಂದು ಮಾತನ್ನು ಉಳಿಸಿದ್ದನು. ಇನ್ನು, ಇದೇ ಕ್ರಿಯಾಪದವನ್ನು ‘ಹ್ಯಾಡ್ ಇಂಟೆಂಡೆಡ್’ ಎಂದು ಭೂತಕಾಲದಲ್ಲಿ ಪ್ರಯೋಗಿಸಿದರೆ, ನೆನೆದ ಕಾರ್ಯ ನಡೆಯಲಿಲ್ಲವೆಂಬುದು ಹೇಳದೆಯೇ ಸಾಮಾನ್ಯವಾಗಿ ತಿಳಿದುಬರುತ್ತದೆ. ಮಗನು ಕನ್ನಡದಲ್ಲಿ ಬರೆದ ‘ಬರಬೇಕೆಂದಿದ್ದೆ’ ಎಂಬುದು ಅದೇ.

ಅಚೇತನವಸ್ತುವಿಗೆ ಈ ಕ್ರಿಯಾಪದವನ್ನು ಹಚ್ಚುವುದು ಸಲ್ಲದೆಂಬ ಮಾತನ್ನು ಕೇಳಿದಾಗ ಶಾಸ್ತ್ರಿಗಳ ಒಳಗಿನ ವೈಯಾಕರಣನು ಎಚ್ಚತ್ತನು. ಗೋಡೆಯು ಬೀಳುವಂತಿದ್ದರೆ ಇಂಗ್ಲಿಷಿನವರು ಗೋಡೆಯು ಬೀಳಲು ‘ಇಂಟೆಂಡ್’ ಮಾಡುತ್ತಿದೆಯೆನ್ನುವುದಿಲ್ಲ. ಸಂಸ್ಕೃತದಲ್ಲಾದರೆ ಇಚ್ಛೆಯನ್ನು ಹೇಳುವ ಸನ್ ಪ್ರತ್ಯಯವುಂಟು. ಹೋಗಲು ಇಚ್ಛಿಸುತ್ತಾನೆ ಎಂಬುದಕ್ಕೆ ‘ಜಿಗಮಿಷತಿ’, ಮಾಡಲು ಇಚ್ಛಿಸುತ್ತಾನೆ ಎಂಬುದಕ್ಕೆ ‘ಚಿಕೀರ್ಷತಿ’. ನದಿಯ ದಂಡೆಯು ಕುಸಿಯುವಂತಿದ್ದರೆ ಅದಕ್ಕೂ ‘ಪಿಪತಿಷತಿ’ ಎಂಬ ಪ್ರಯೋಗವಿರುವುದನ್ನು ಹಿಂದಿನ ವೈಯಾಕರಣರು ಗಮನಿಸಿ, ದಂಡೆಗೆ ಇಚ್ಛೆಯೆಲ್ಲಿಂದ ಬಂದಿತೆಂದು ಚರ್ಚೆ ಮಾಡಿ, ಬಿದ್ದೀತೆಂಬ ಶಂಕೆಯಲ್ಲಿಯೂ ಆ ಪ್ರತ್ಯಯ ಬರುತ್ತದೆಯೆಂದು ಒಪ್ಪಿದ್ದಾರೆ. ಈ ಅಂಶದಲ್ಲಿ ಇಂಗ್ಲಿಷಿನ ಕ್ರಿಯಾಪದವು ಹೆಚ್ಚು ನಿಷ್ಠುರವಾದುದು. ಮನಸ್ಸಿಲ್ಲದ ಕಡೆಗೆ ಅದು ಹೋಗುವುದಿಲ್ಲ.

ಇನ್ನೊಂದು ಅಂಶದಲ್ಲಿ ಪಾಣಿನಿಯೇ ಹೆಚ್ಚು ನಿಷ್ಠುರನು. ಇಚ್ಛಿಸತಕ್ಕವನೂ ಮಾಡತಕ್ಕವನೂ ಒಬ್ಬನೇ ಆಗಿದ್ದರೆ ಮಾತ್ರ ಸನ್ ಪ್ರತ್ಯಯವು ಬರತಕ್ಕದ್ದೆಂದು ಅವನು ವಿಧಿಸಿದ್ದಾನೆ. ದೇವದತ್ತನು ತಾನು ಹೋಗಲು ಇಚ್ಛಿಸಿದರೆ ‘ಜಿಗಮಿಷತಿ’ ಎನ್ನಬಹುದು. ಯಜ್ಞದತ್ತನು ಹೋಗಲೆಂದು ದೇವದತ್ತನು ಇಚ್ಛಿಸಿದರೆ ಆ ರೂಪವು ಸಲ್ಲದು. ಒಬ್ಬನ ಇಚ್ಛೆಯನ್ನು ಇನ್ನೊಬ್ಬನ ಕ್ರಿಯೆಗೆ ಹೊಲಿದು ಒಂದೇ ಪದವನ್ನಾಗಿ ಮಾಡಲು ಪಾಣಿನಿಯು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಈ ಕಟ್ಟಿಲ್ಲ. ತಂದೆಯು ತನ್ನ ಮಗನು ವಕೀಲನಾಗಬೇಕೆಂದು ‘ಇಂಟೆಂಡ್’ ಮಾಡಬಹುದು; ಪುಸ್ತಕವೊಂದು ಮಕ್ಕಳಿಗಾಗಿ ‘ಇಂಟೆಂಡೆಡ್’ ಆಗಿರಬಹುದು; ಮದುವೆ ನಿಶ್ಚಯವಾದ ಹುಡುಗಿಯನ್ನು ಹಳೆಯ ಇಂಗ್ಲಿಷಿನಲ್ಲಿ ‘ಇಂಟೆಂಡೆಡ್’ ಎಂದೇ ಕರೆಯುತ್ತಿದ್ದರು.

ಮೂವತ್ತು ವರ್ಷ ಪಾಠ ಹೇಳಿದ್ದ ಈ ಸೂತ್ರವು ಶಾಸ್ತ್ರಿಗಳಿಗೆ ಆ ದಿನ ಹೊಸದಾಗಿ ಕಂಡಿತು. ಮಗನು ತನ್ನ ಬರುವಿಕೆಯನ್ನು ತಾನು ಇಚ್ಛಿಸಿ ತಂತಿ ಕೊಟ್ಟಿದ್ದನು. ಅಲ್ಲಿ ಇಚ್ಛೆಯೂ ಕ್ರಿಯೆಯೂ ಒಬ್ಬನವೇ. ‘ಬರುತ್ತಾನೆ’ ಎಂದು ಜಗಲಿಯಲ್ಲಿ ನಿಂತು ಹೇಳಿದಾಗ ಆ ಮಾತಿನಲ್ಲಿದ್ದ ಇಚ್ಛೆ ಯಾರದು? ಬರುವ ಕ್ರಿಯೆ ಮಗನದು. ಬರಲೇ ಬೇಕೆಂಬ ಇಚ್ಛೆ ತಂದೆಯದು. ಅವರು ತಂತಿಯನ್ನು ಕನ್ನಡಿಸಿರಲಿಲ್ಲ. ತಮ್ಮ ಇಚ್ಛೆಯನ್ನು ಮಗನ ಹೆಸರಿನಲ್ಲಿ ಓದಿದ್ದರು. ಶಾಸ್ತ್ರವನ್ನು ಓದಲೆಂದು ಮಗನ ವಿಷಯದಲ್ಲಿ ಹಿಂದೆ ಬಯಸಿದ್ದುದೂ ಇದೇ ಜಾತಿಯದಲ್ಲವೆ ಎಂಬ ಯೋಚನೆಯು ಅವರಿಗೆ ಹೊಳೆಯದೆ ಇರಲಿಲ್ಲ.

ಶಬ್ದದ ಹುಟ್ಟನ್ನು ವಿಚಾರಿಸಿದಾಗ ಇನ್ನೂ ವಿಚಿತ್ರವಾದ ಸಂಗತಿಗಳು ಹೊರಬಿದ್ದುವು. ‘ಇಂಟೆಂಡ್’ ಶಬ್ದವು ಹದಿನಾಲ್ಕನೆಯ ಶತಮಾನದಲ್ಲಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದುದು. ಅದಕ್ಕೆ ಮೂಲ ಲ್ಯಾಟಿನಿನ ‘ಇಂಟೆಂಡೆರೆ’. ಒಂದರ ಕಡೆಗೆ ಚಾಚುವುದು, ಬಿಗಿಯಾಗಿ ಎಳೆಯುವುದು ಎಂದು ಅದರ ಅರ್ಥ. ಬಿಲ್ಲಿನ ಹೆದೆಯನ್ನು ಎಳೆಯುವುದಕ್ಕೂ ರೋಮನರು ಇದೇ ಕ್ರಿಯಾಪದವನ್ನು ಬಳಸುತ್ತಿದ್ದರು. ಹೆದೆಯು ಎಳೆದಿದೆ, ಗುರಿಯನ್ನು ನೋಡಿಯಾಗಿದೆ, ಬಾಣ ಮಾತ್ರ ಇನ್ನೂ ಕೈಯಲ್ಲಿಯೇ ಇದೆ. ಈ ನಿಲುವೇ ಆ ಶಬ್ದದ ಅರ್ಥಕ್ಕೆ ಸರಿಯಾದ ಚಿತ್ರ.

ಈ ಲ್ಯಾಟಿನ್ ಧಾತುವಿಗೂ ಸಂಸ್ಕೃತದ ‘ತನ್’ ಧಾತುವಿಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ವಿಸ್ತರಿಸುವುದು, ಹರಡುವುದು ಎಂಬ ಅರ್ಥವುಳ್ಳ ಆ ಧಾತುವಿನಿಂದ ತಂತು, ತಂತ್ರ, ವಿತಾನ, ಸಂತತಿ, ಸಂತಾನ ಮೊದಲಾದ ಶಬ್ದಗಳು ಹುಟ್ಟಿವೆ. ವೀಣೆಯ ತಂತಿಯೂ ಅದರಿಂದಲೇ ಬಂದುದು. ಅಂಚೆಯ ಮನೆಯ ಆ ಕಾಗದಕ್ಕೆ ಕನ್ನಡಿಗರು ಇಟ್ಟ ಹೆಸರೂ ತಂತಿಯೇ. ಕುಲವನ್ನು ವಿಸ್ತರಿಸತಕ್ಕವನಾದುದರಿಂದ ಮಗನು ತನಯನು. ತಂತಿಯೂ ತನಯನೂ ತಂತಿಯೊಳಗಿದ್ದ ‘ಇಂಟೆಂಡ್’ ಎಂಬುದೂ ಒಂದೇ ಧಾತುವಿನ ಬಳಗವೆಂಬುದನ್ನು ಕಂಡು ಶಾಸ್ತ್ರಿಗಳು ಆ ರಾತ್ರಿ ದೀಪವನ್ನು ಆರಿಸದೆ ಬಹಳ ಹೊತ್ತು ಕುಳಿತಿದ್ದರಂತೆ.

ಇಂಗ್ಲಿಷಿನಲ್ಲಿ ಈ ಬಳಗದ ಶಬ್ದಗಳು ಬೇರೆಯೂ ಹಲವು ಇವೆ. ‘ಎಕ್ಸ್‌ಟೆಂಡ್’ ಎಂದರೆ ಹೊರಕ್ಕೆ ಚಾಚುವುದು. ಗಮನವನ್ನು ಮೇಲಿನಿಂದ ಚಾಚಿ ನೋಡಿಕೊಳ್ಳತಕ್ಕವನು ‘ಸೂಪರಿಂಟೆಂಡೆಂಟ್’. ಮಗನ ‘ಇಂಟೆಂಡ್’ ಎಂಬುದನ್ನು ಕಡಿದುಹಾಕಿದವರ ಪದವಿಯಲ್ಲಿಯೂ ಅದೇ ಧಾತುವು ಕುಳಿತಿದ್ದುದು ವಿನೋದದ ಸಂಗತಿ. ‘ಅಟೆಂಡ್’ ಎಂದರೆ ಮೂಲತಃ ಒಂದರ ಕಡೆಗೆ ಮನಸ್ಸನ್ನು ಚಾಚುವುದು. ಅದರ ಫ್ರೆಂಚ್ ರೂಪಕ್ಕೆ ಇಂದಿಗೂ ಕಾಯುವುದು, ಎದುರುನೋಡುವುದು ಎಂದೇ ಅರ್ಥ. ಬೊಂಬಾಯಿಯ ಕೊನೆಯಲ್ಲಿ ಮಗನು ಒಂದನ್ನು ಮಾಡುತ್ತಿದ್ದಾಗ ಆಲದ ಮರದ ಕೆಳಗೆ ತಾಯಿಯು ಮತ್ತೊಂದನ್ನು ಮಾಡುತ್ತಿದ್ದಳು, ಎಳೆ ಒಂದೇ. ಇನ್ನು ‘ಪ್ರಿಟೆಂಡ್’ ಎಂಬುದೊಂದುಂಟು. ಎದುರಿಗೆ ತೆರೆಯನ್ನು ಚಾಚಿದಂತೆ ನಿಜವನ್ನು ಮರೆಮಾಡುವುದೆಂದು ಅದರ ತಾತ್ಪರ್ಯ. ಈ ಶಬ್ದದ ಬಳಿಗೆ ಬಂದಾಗ ಶಾಸ್ತ್ರಿಗಳು ಪುಸ್ತಕವನ್ನು ಮುಚ್ಚಿದರು.

ಆದರೂ ವಿಚಾರವು ಅಲ್ಲಿಗೆ ಮುಗಿಯಲಿಲ್ಲ. ಸಂಸ್ಕೃತದಲ್ಲಿ ಅದೇ ತನ್ ಧಾತುವಿನಿಂದ ‘ಆತತಾಯಿ’ ಎಂಬ ಶಬ್ದ ಬಂದಿದೆ. ಬಿಲ್ಲನ್ನು ಎಳೆದು ನಿಂತವನು ಎಂಬುದು ಅದರ ಅವಯವಾರ್ಥ. ಬೆಂಕಿಯಿಡತಕ್ಕವನು, ವಿಷವಿಕ್ಕತಕ್ಕವನು, ಕೊಲ್ಲಲು ಆಯುಧವನ್ನು ಹಿಡಿದವನು ಮೊದಲಾದ ಆರು ಮಂದಿಯನ್ನು ಧರ್ಮಶಾಸ್ತ್ರವು ಆತತಾಯಿಗಳೆಂದು ಎಣಿಸುತ್ತದೆ. ಬಾಣವು ಬಿಲ್ಲನ್ನು ಬಿಡುವುದಕ್ಕೆ ಮುಂಚೆಯೇ ಅವನ ಮನಸ್ಸು ಹೊರಬಿದ್ದಿದೆಯಾದುದರಿಂದ ಅವನನ್ನು ಎದುರಿಸಿದವನಿಗೆ ದೋಷವಿಲ್ಲವೆಂಬುದು ಶಾಸ್ತ್ರದ ಆಶಯ. ಮೆಕಾಲೆಯು ಮುಖ್ಯನಾಗಿದ್ದ ಆಯೋಗವು ಸಿದ್ಧಪಡಿಸಿ, 1860ರಲ್ಲಿ ಶಾಸನವಾದ ಇಂಡಿಯನ್ ಪೀನಲ್ ಕೋಡಿನಲ್ಲಿಯೂ ಉದ್ದೇಶಕ್ಕೆ ಪ್ರತ್ಯೇಕವಾದ ತೂಕವಿದ್ದಿತು. ಕೊಲ್ಲಬೇಕೆಂಬ ಉದ್ದೇಶದಿಂದ ಮಾಡಿದುದು ಬೇರೆ, ಸಾವು ಸಂಭವಿಸೀತೆಂದು ತಿಳಿದೂ ಮಾಡಿದುದು ಬೇರೆ, ಅಜಾಗರೂಕತೆಯಿಂದ ಆದುದು ಬೇರೆ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಭೇದವು ಉಳಿದುಕೊಂಡಿದೆ. ಸತ್ತವನ ಪಾಲಿಗೆ ಮೂರೂ ಒಂದೇ. ಆದರೆ ನ್ಯಾಯಾಸ್ಥಾನವು ಮಾಡಿದವನ ಮನಸ್ಸನ್ನು ತೂಗಿ ನೋಡದೆ ತೀರ್ಪನ್ನು ಹೇಳುವುದಿಲ್ಲ.

ಮನೆಯಲ್ಲಿ ಈ ಕ್ರಮವಿಲ್ಲ. ಎಲೆಯನ್ನು ಹಾಕಿ ಕಾದವರಿಗೆ ಬಂದವನು, ಬಾರದವನು ಎಂದು ಎರಡೇ ಜಾತಿ. ಬಾರದವನ ಮನಸ್ಸು ಹೊರಟಿದ್ದಿತೆ, ಇಲ್ಲವೆ ಎಂಬುದನ್ನು ತಿಳಿಸಬಲ್ಲುದು ಮಾತೊಂದೇ. ಆ ಮಾತನ್ನು ತರತಕ್ಕವನು ದಾರಿಯಲ್ಲಿ ಅದನ್ನು ತಿದ್ದಿದರೆ ಬಾರದವನಿಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ಪೇಟೆಯ ವಕೀಲರೊಬ್ಬರಿಂದ ಉದ್ದೇಶ, ತಿಳಿವಳಿಕೆ, ಅಜಾಗರೂಕತೆಗಳ ವಿವರವನ್ನು ಕೇಳಿಕೊಂಡು ಬಂದ ದಿನ ಶಾಸ್ತ್ರಿಗಳು ತಮ್ಮ ತಪ್ಪನ್ನು ಈ ಮೂರರಲ್ಲಿ ಯಾವುದಕ್ಕೆ ಸೇರಿಸಬೇಕೆಂದು ಯೋಚಿಸಿದರು. ಕೋಶದಲ್ಲಿ ‘ಸಂಕಲ್ಪಿಸು’ ಎಂದಿದ್ದಿತೆಂಬುದು ನಿಜ. ಆದರೆ ಕೋಶವನ್ನು ನೋಡಿದುದು ಆಮೇಲೆ. ಜಗಲಿಯಲ್ಲಿ ಮಾತನಾಡಿದಾಗ ಕಿವಿಯಲ್ಲಿದ್ದುದು ಪೋಸ್ಟ್ ಮಾಸ್ತರರು ಹೇಳಿದ ಸರಿಯಾದ ಕನ್ನಡವೇ. ಆದುದರಿಂದ ಅಜ್ಞಾನವೆಂದು ಹೇಳಿಕೊಳ್ಳಲು ದಾರಿಯಿರಲಿಲ್ಲ.

ಪೋಸ್ಟ್ ಮಾಸ್ತರರ ಆ ಕನ್ನಡವನ್ನೂ ಇಲ್ಲಿ ಸ್ವಲ್ಪ ವಿಚಾರಿಸಬೇಕು. ‘ಇಂಟೆಂಡ್’ ಶಬ್ದಕ್ಕೆ ಕನ್ನಡದಲ್ಲಿ ಸರಿಸಮವಾದ ಮಾತಿಲ್ಲವೆಂದು ಹೇಳುವವರುಂಟು. ‘ಉದ್ದೇಶಿಸು’ ಎಂಬುದು ಪುಸ್ತಕದ ಮಾತು; ತಾಯಿಗೆ ತಂತಿಯನ್ನು ಓದಿ ಹೇಳುವಾಗ ಮಗನು ಬರಲು ಉದ್ದೇಶಿಸಿದ್ದಾನೆಂದು ಯಾರೂ ಹೇಳುವುದಿಲ್ಲ. ಆದರೆ ಅಕ್ಷರ ಬಾರದವರೂ ದಿನಕ್ಕೆ ಹತ್ತು ಸಲ ಆಡುವ ‘ಮಾಡಬೇಕೆಂದಿದ್ದೇನೆ’, ‘ಹೋಗಬೇಕೆಂದಿದ್ದಾನೆ’ ಎಂಬ ರಚನೆಯು ಆ ಶಬ್ದಕ್ಕೆ ಕೂದಲೆಳೆಯಷ್ಟೂ ಕಡಿಮೆಯಿಲ್ಲದುದು. ಇದನ್ನು ಬಿಡಿಸಿ ನೋಡಿದರೆ ‘ಬರಬೇಕು’, ‘ಎಂದು’, ‘ಇದ್ದಾನೆ’ ಎಂಬ ಮೂರು ಪದಗಳು ಸಿಕ್ಕುತ್ತವೆ. ನಡುವಿನ ‘ಎಂದು’ ಎಂಬುದು ‘ಎನ್’ ಧಾತುವಿನಿಂದ ಬಂದುದು. ಹೇಳು ಎಂದು ಅದರ ಅರ್ಥ. ಬರಬೇಕು ಎಂದು ತನಗೆ ತಾನೇ ಹೇಳಿಕೊಂಡು ಇದ್ದಾನೆ. ರೋಮನರಿಗೆ ಉದ್ದೇಶವು ಎಳೆದ ಹೆದೆಯಂತೆ ಕಂಡಿತು; ಕನ್ನಡಿಗರಿಗೆ ಅದು ಮನಸ್ಸಿನೊಳಗೆ ಆಡಿಕೊಂಡ ಮಾತಾಗಿ ಕಂಡಿತು. ಆ ಮಾತಿಗೆ ಕೇಳುಗನೂ ಆಡಿದವನೇ. ಅದನ್ನು ಅವನಷ್ಟೇ ಮುರಿಯಬಲ್ಲನು, ಅವನಷ್ಟೇ ನಡೆಸಬಲ್ಲನು.

ಇದರ ಎಡಬಲಗಳಲ್ಲಿರುವ ರೂಪಗಳನ್ನೂ ನೋಡಬಹುದು. ‘ಬರುತ್ತಾನೆ’ ಎಂದರೆ ನಿಶ್ಚಯ. ‘ಬಂದಾನು’ ಎಂದರೆ ಬರಲೂ ಬಹುದು, ಬಾರದೆಯೂ ಇರಬಹುದು ಎಂಬ ಸಂಭಾವನೆ. ಅದರಲ್ಲಿ ಬರತಕ್ಕವನ ಮನಸ್ಸಿನ ಸುದ್ದಿಯೇ ಇಲ್ಲ. ‘ಬರಬೇಕೆಂದಿದ್ದಾನೆ’ ಎಂಬುದೊಂದೇ ಮನಸ್ಸನ್ನು ಹೇಳಿ ಕಾರ್ಯವನ್ನು ಬಿಡುತ್ತದೆ. ತಂತಿಯಲ್ಲಿದ್ದ ಇಂಗ್ಲಿಷು ಶಬ್ದಕ್ಕೆ ಇದಕ್ಕಿಂತ ಸರಿಯಾದ ಕನ್ನಡವನ್ನು ಯಾವ ಪಂಡಿತರೂ ಕಲ್ಪಿಸಲಾರರು. ಅದು ಅಂಚೆಯ ಮನೆಯ ಬಾಗಿಲಲ್ಲಿ ತಾನಾಗಿ ಒದಗಿಬಂದಿದ್ದಿತು.

ಮರುವರ್ಷದ ಯುಗಾದಿಗೆ ಮಗನು ತಂತಿಯನ್ನೂ ಕೊಡದೆ, ಕಾಗದವನ್ನೂ ಬರೆಯದೆ, ಹಬ್ಬದ ಹಿಂದಿನ ಸಂಜೆ ಕೈಚೀಲವನ್ನು ಹಿಡಿದು ಜಗಲಿಯನ್ನು ಹತ್ತಿದನು. ತಾಯಿಯು ಕಾಲಿಗೆ ನೀರು ಕೊಟ್ಟರು, ಊಟಕ್ಕೆ ಬಡಿಸಿದರು. ಮಾತು ಮಾತ್ರ ಬೇಕಾದಷ್ಟೇ. ಹಬ್ಬದ ದಿನ ಮೂವರ ಎಲೆಗೂ ಬೇವುಬೆಲ್ಲ ಬಿದ್ದ ಮೇಲೆ, “ಹೋದ ವರ್ಷ ಬರುತ್ತೇನೆ ಅಂತ ತಂತಿ ಕೊಟ್ಟೆ. ಮೂರು ಸಂಜೆ ಆಲದ ಮರದ ಕೆಳಗೆ ನಿಂತೆ” ಎಂದರು. ಮಗನು ತುತ್ತನ್ನು ಎಲೆಯಲ್ಲಿಯೇ ಬಿಟ್ಟು, “ಅಮ್ಮ, ಬರುತ್ತೇನೆ ಅಂತ ನಾನೆಲ್ಲಿ ಹೇಳಿದೆ? ರಜೆ ಸಿಕ್ಕುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಬರಬೇಕೆಂದಿದ್ದೇನೆ ಅಂತ ತಂತಿ ಕೊಟ್ಟದ್ದು. ಅಪ್ಪಯ್ಯನನ್ನೇ ಕೇಳು” ಎಂದನು.

ಇಬ್ಬರೂ ಶಾಸ್ತ್ರಿಗಳ ಮುಖವನ್ನು ನೋಡಿದರು. ಕೋಶದಲ್ಲಿದ್ದ ‘ಸಂಕಲ್ಪಿಸು’ ಎಂಬ ಅರ್ಥವು ಅವರ ನಾಲಗೆಯ ತುದಿಯವರೆಗೆ ಬಂದಿದ್ದಿತು. ಅದನ್ನು ಹೇಳಿದ್ದರೆ ಇಬ್ಬರೂ ಒಪ್ಪಿಕೊಳ್ಳುತ್ತಿದ್ದರು. ಇಂಗ್ಲಿಷು ಭ್ರಷ್ಟಭಾಷೆಯೆಂದು ನಕ್ಕು ಊಟ ಮುಗಿಸುತ್ತಿದ್ದರು. ಶಾಸ್ತ್ರಿಗಳು ಅದನ್ನು ಹೇಳಲಿಲ್ಲ. “ಅವನು ಬರೆದದ್ದು ಸರಿಯಾಗಿತ್ತು. ಪೋಸ್ಟ್ ಮಾಸ್ತರು ಓದಿದ್ದೂ ಸರಿಯಾಗಿತ್ತು. ನಿನ್ನ ಮುಖ ನೋಡಿ ನಾನು ಬರುತ್ತಾನೆ ಅಂದೆ. ಆಮೇಲೆ ಸುಮ್ಮನಿದ್ದೆ. ಎರಡನೆಯದೇ ದೊಡ್ಡ ತಪ್ಪು” ಎಂದರು.

ಮನೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮಗನ ಎಲೆಗೆ ಇನ್ನೊಂದು ಹೋಳಿಗೆಯನ್ನು ಹಾಕಿ ತುಪ್ಪವನ್ನು ಬಡಿಸಿದರು. ಗಂಡನ ಕಡೆಗೆ ನೋಡದೆಯೇ, “ಬರಬೇಕೆಂದಿದ್ದಾನೆ ಅಂದಿದ್ದರೂ ನಾನು ಬೆಲ್ಲ ತರಿಸುತ್ತಿದ್ದೆ, ಆಲದ ಮರದವರೆಗೂ ಹೋಗುತ್ತಿದ್ದೆ. ಅವನ ಮೇಲೆ ಸಿಟ್ಟು ಮಾಡುತ್ತಿರಲಿಲ್ಲ” ಎಂದರು.

ಶಾಸ್ತ್ರಿಗಳು ಆ ಬಳಿಕ ಸನ್ನಂತಪ್ರಕರಣವನ್ನು ಪಾಠ ಹೇಳುವಾಗಲೆಲ್ಲ, ಇಚ್ಛೆಗೂ ಕ್ರಿಯೆಗೂ ಕರ್ತೃವು ಒಬ್ಬನೇ ಆಗಿರಬೇಕೆಂಬ ಅಂಶದಲ್ಲಿ ಬಹಳ ಹೊತ್ತು ನಿಲ್ಲುತ್ತಿದ್ದರಂತೆ. ಏಕೆಂಬುದು ವಿದ್ಯಾರ್ಥಿಗಳಿಗೆ ತಿಳಿದಿರಲಿಲ್ಲ. ಬೊಂಬಾಯಿಗೆ ಹೋಗುವ ಕಾಗದಗಳ ಕೊನೆಯಲ್ಲಿ ತಾಯಿಯ ಆಶೀರ್ವಾದದ ಸಾಲು ಮತ್ತೆ ಕಾಣಿಸಿಕೊಂಡಿತು. ಬೊಂಬಾಯಿಯಿಂದ ಕಾಗದ ಬಂದು, ಶಾಸ್ತ್ರಿಗಳು ಕನ್ನಡಕವನ್ನು ಏರಿಸಿಕೊಂಡು ಓದಲು ಕುಳಿತಾಗ, ಒಳಗಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತಿದ್ದಿತು:

“ಬರುತ್ತಾನಂತೆಯೋ, ಬರಬೇಕೆಂದಿದ್ದಾನಂತೆಯೋ? ಇದ್ದದ್ದನ್ನು ಇದ್ದ ಹಾಗೆ ಓದಿ.”